ಹಿಂದಿನ ಸೀಟಿನ ಬೆಲ್ಟ್

ಹೋದ ಬೇಸಿಗೆಯಲ್ಲಿ ನಾನೂ ನಮ್ಮ ಯಜಮಾನರೂ ಮಂಚ, ಒಲೆ ಎಲ್ಲ ಇರುವ ದೊಡ್ಡ ವ್ಯಾನಿನಲ್ಲಿ ದೂರದ ಪ್ರವಾಸ ಹೋಗಿದ್ದೆವು. ವಾಪಸು ಬರುವಾಗ, ಉರಿಬಿಸಿಲಿನ ಮಧ್ಯಾಹ್ನ, ಯಾರೋ ಬೆಲ್ಟ್ ಹಾಕಿಲ್ಲವೆಂದು ವ್ಯಾನ್ ಕೀಂ ಕೀಂ ಎನ್ನತೊಡಗಿತು. ನಾವಿಬ್ಬರೂ ಹಾಕಿಕೊಂಡಿದ್ದೆವು. ಕೆಂಪು ದೀಪ ತೋರಿಸುತ್ತಿದ್ದದ್ದು ಖಾಲಿಯಿದ್ದ ಹಿಂದಿನ ಸೀಟನ್ನು.

“ತಲೆ ತಿಂತಿದೆ. ಆ ಖಾಲಿ ಸೀಟಿಗೂ ಒಂದು ಬೆಲ್ಟ್ ಹಾಕಿ ಬಾರೇ,” ಎಂದರು ಇವರು.

ನಗುತ್ತಲೇ ಹೋಗಿ ಹಾಕಿ ಬಂದೆ. ಸದ್ದು ನಿಂತಿತು.

ಸ್ವಲ್ಪ ಹೊತ್ತಿಗೆ ಇವರು ಕನ್ನಡಿಯನ್ನೇ ನೋಡುತ್ತ, ತಿರುವುಗಳಲ್ಲಿ ತೀರಾ ನಿಧಾನ ಮಾಡತೊಡಗಿದರು. ನಾನು ತಿರುಗಿ ನೋಡಿದೆ. ಸೀಟಿಗೆ ಅಂಟಿಕೊಂಡಿರಬೇಕಾದ ಬೆಲ್ಟ್ ಒಂದು ಗೇಣು ಮುಂದೆ ಬಿಗಿದು ನಿಂತಿತ್ತು. ಮೆಲ್ಲಗೆ ಉಬ್ಬುತ್ತಿತ್ತು, ಮೆಲ್ಲಗೆ ಇಳಿಯುತ್ತಿತ್ತು.

ಪೆಟ್ರೋಲ್ ಬಂಕಿನಲ್ಲಿ ನನ್ನನ್ನು ಇಳಿಸಿ, ಅದನ್ನು ಬಿಚ್ಚಲು ಇವರೊಬ್ಬರೇ ಹಿಂದೆ ಹೋದರು. ಅಂಗೈಯನ್ನು ಪ್ಯಾಂಟಿಗೆ ಉಜ್ಜುತ್ತ ಇಳಿದು ಬಂದರು.

“ಬಿಚ್ಚೋಕಾಗ್ಲಿಲ್ಲ ಕಣೇ. ಬಕಲ್ ಮೇಲೆ ಆಗ್ಲೇ ಒಂದು ಕೈಯಿತ್ತು.”

ವ್ಯಾನನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಮನೆ ಸೇರಿದೆವು. ಮರುದಿನ ಅದನ್ನು ತಂದುಕೊಟ್ಟ ಡ್ರೈವರನ್ನು ಬೆಲ್ಟಿನ ಬಗ್ಗೆ ಕೇಳಿದೆ.

“ದಾರಿಯುದ್ದಕ್ಕೂ ಹಾಕೇ ಇತ್ತಮ್ಮಾ. ನಿಮ್ಮ ಗೇಟ್ ಮುಂದೆ ನಿಲ್ಲಿಸಿದ್ಮೇಲೆ ಟಕ್ ಅಂತ ಬಿಚ್ಚಿ, ಪಕ್ಕದ ಬಾಗಿಲು ತೆಗೆದಿದ್ದು ನೀವೇ ಅಲ್ವಾ?”

ನಾವಿಬ್ಬರೂ ಆಗ ಮನೆಯೊಳಗಿದ್ದೆವು.