ಒಂದೇ ಗಾಲಿಯ ಕಾರು

೧೯೫೫ನೇ ಇಸವಿ ಮಾರ್ಚ್ ೧೪, ಸೋಮವಾರ. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ವಕೀಲ ಪ್ರಹ್ಲಾದರಾಯರು ಆದೋನಿ ಠಾಣೆಗೆ ಬಂದರು. ಒಂದೇ ಕಾಲಿನಲ್ಲಿ ಚಪ್ಪಲಿ ಇತ್ತು. ಎಂಥ ನ್ಯಾಯಾಧೀಶರ ಎದುರಿಗೂ ತಡವರಿಸದ ಮನುಷ್ಯ, ಇನ್‌ಸ್ಪೆಕ್ಟರ್ ಶ್ರೀರಾಮುಲು ಅವರ ಎದುರಿಗೆ ಕೂತು ಎರಡು ಲೋಟ ನೀರು ಕುಡಿದ ಮೇಲೆಯೇ ಬಾಯಿ ತೆರೆದರು.

“ನನ್ನ ಕಾರು ರುಬ್ಬುಗಲ್ಲಿನ ಮ್ಯಾಲೆ ನಿಂತದರಿ.”

ಕಾನ್‌ಸ್ಟೇಬಲ್ ಉಚ್ಚೀರಪ್ಪ ಅದನ್ನು ಮತ್ತೊಮ್ಮೆ ಹೇಳಿಸಿಕೊಂಡು ಎಫ್‌ಐಆರ್ ಬರೆದ. ಹಿಂದಿನ ದಿನ ಮಧ್ಯಾಹ್ನ ರಾಯರ ಮನೆಯವರೆಲ್ಲ ಮಠಕ್ಕೆ ಪ್ರವಚನ ಕೇಳಲು ಹೋಗಿದ್ದರು. ಆಗ ಯಾರೋ ಕಾರಿನ ಹಿಂದಿನ ಬಲಗಾಲಿಯ ಟೈರು ಮತ್ತು ಟ್ಯೂಬು ಕದ್ದೊಯ್ದಿದ್ದಾರೆ; ಕಣ್ಣಿಗೆ ಬಿದ್ದದ್ದು ಈ ಬೆಳಿಗ್ಗೆ. ಯಾರ ಮೇಲೂ ಅನುಮಾನವಿಲ್ಲ.

ಎಂಟು ಗಂಟೆಗೆ ಪಂಚನಾಮೆ ಶುರುವಾಯಿತು. ಅದು ಯುದ್ಧಕ್ಕಿಂತ ಮುಂಚಿನ ಪುಟ್ಟ ಕಾರು. ಅದರ ಹಾರ್ನಿಗೆ ಆದೋನಿಯ ಕತ್ತೆಗಳು ಕೂಡ ದಾರಿ ಬಿಡುತ್ತಿರಲಿಲ್ಲ. ಈಗ ಹಿತ್ತಲಿನ ರುಬ್ಬುಗಲ್ಲಿನ ಮೇಲೆ ಹಿಂಭಾಗ ಊರಿ ನಿಂತಿತ್ತು. ಟೈರು ಕಳಚಿದ ರಿಮ್ಮನ್ನು ಯಾರೋ ಬಟ್ಟೆಯಿಂದ ಒರೆಸಿ ಗೋಡೆಗೆ ಒರಗಿಸಿದ್ದರು. ಇಷ್ಟು ಅಚ್ಚುಕಟ್ಟಿನ ಕಳ್ಳನನ್ನು ಶ್ರೀರಾಮುಲು ಇಪ್ಪತ್ತು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

ಟೈರಿಗೆ ಗುರುತೇನಾದರೂ ಇದೆಯೇ ಎಂದು ಕೇಳಿದಾಗ ರಾಯರ ತಾಯಿ ಅಂಬೂಬಾಯಿ ಮುಂದೆ ಬಂದರು. ಟೈರಿನ ಪಕ್ಕದ ಮೈಮೇಲೆ ಶಂಖದ ಮುದ್ರೆ ಇದೆ ಎಂದರು. ಹಿಂದಿನ ಆಷಾಢ ಏಕಾದಶಿಗೆ ಸ್ವಾಮಿಗಳು ಮನೆಯವರೆಲ್ಲರ ತೋಳಿಗೆ ಕಾಯಿಸಿದ ಮುದ್ರೆ ಒತ್ತಿದ್ದರು. ಮುದುಕಿ ಮನೆಗೆ ಬಂದವರೇ ತಮ್ಮ ಹಿತ್ತಾಳೆ ಮುದ್ರೆಯನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ಕಾರಿನ ನಾಲ್ಕೂ ಟೈರಿಗೆ ಒತ್ತಿಬಿಟ್ಟಿದ್ದರು. ಮೂರು ದಿನ ಇಡೀ ಓಣಿಗೆ ರಬ್ಬರಿನ ಕಮಟು ಹೊಡೆದಿತ್ತಂತೆ.

“ಮನ್ಯಾಗ ಎಲ್ಲಾರಿಗೂ ಆತು, ಕಾರೊಂದು ಯಾಕ ಉಳೀಬೇಕು?” ಎಂದರು ಅಂಬೂಬಾಯಿ. “ಮೊನ್ನೆ ಮೊಮ್ಮಗನ ತೊಟ್ಟಿಲ ದಿವಸ ಸೂಲಗಿತ್ತಿ ಬ್ಯಾರೆ ಆ ಗಾಲಿಗೆ ದಾರ ಸುತ್ತಿ ದೃಷ್ಟಿ ತಗದಿದ್ಲು. ಆಕಿಗೆ ಉಡಿ ತುಂಬಿ ಕಳಿಸಿದೆ. ಆದ್ರೂ ಹೋತು ನೋಡ್ರಿ.”

ಉಚ್ಚೀರಪ್ಪ ನಗು ತಡೆದುಕೊಂಡು ಅದನ್ನೂ ಬರೆದ.

ಮಂಗಳವಾರ ಬೆಳಿಗ್ಗೆ ಆರೂವರೆಗೆ ಬಂಡಿ ಹೊಡೆಯುವ ದುರುಗಣ್ಣ ಠಾಣೆಯ ಮೆಟ್ಟಿಲ ಮೇಲೆ ಬಂದು ಕುಸಿದು ಕೂತ. ಪೆದ್ದಹರಿವಾಣದ ದಾರಿಯಲ್ಲಿ ಒಂದು ಕಾರು ಒಂದೇ ಗಾಲಿಯ ಮೇಲೆ ಓಡಿಹೋಗಿದೆ ಎಂದ. ಧೂಳಿನಲ್ಲಿ ಕಾರಿನ ಟೈರಿನ ಅಗಲವಾದ ಅಚ್ಚು ಮೈಲುಗಟ್ಟಲೆ ಇದೆ, ಜೊತೆಗಿರಬೇಕಾದ ಇನ್ನೊಂದು ಅಚ್ಚು ಎಲ್ಲೂ ಇಲ್ಲ. ಅವನ ಎತ್ತುಗಳು ಆ ಗೆರೆ ದಾಟಲಿಲ್ಲ. ದಾರಿ ಪಕ್ಕದ ಹಟ್ಟಿಯವರು ಆಗಲೇ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದರು.

ಏಳೂವರೆಗೆ ಶ್ರೀರಾಮುಲು, ಉಚ್ಚೀರಪ್ಪ ಇಬ್ಬರೂ ಸೈಕಲ್ ಮೇಲೆ ಅಲ್ಲಿಗೆ ಹೋದರು. ದುರುಗಣ್ಣ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಉಚ್ಚೀರಪ್ಪ ಸೈಕಲ್ಲಿನಿಂದ ಇಳಿದು, ಅಚ್ಚಿನಿಂದ ಮಾರು ದೂರ ನಿಂತು ಕೈ ಮುಗಿದ.

“ಏಮಯ್ಯಾ, ದೆವ್ವಕ್ಕ ಟೈರು ಯಾಕ ಬೇಕು? ಬಾ,” ಎಂದು ಶ್ರೀರಾಮುಲು ಅಚ್ಚಿನ ಗುಂಟ ನಡೆದರು.

ಜಾಲಿಮರದ ತಿರುವಿನಲ್ಲಿ ಗುಟ್ಟು ಬಿಚ್ಚಿತು. ಅಗಲವಾದ ಅಚ್ಚಿನ ಒಳಗಿನಿಂದ ಇನ್ನೊಂದು ತೆಳುವಾದ ಅಚ್ಚು ಹೊರಗೆ ಬಂದು, ತಿರುವು ಮುಗಿದ ಮೇಲೆ ಮತ್ತೆ ಒಳಗೆ ಸೇರಿತ್ತು. ಮುಂದೆ ತೆಳುವಾದ ಗಾಲಿ, ಹಿಂದೆ ಕಾರಿನ ಗಾಲಿ. ಅದು ಮೋಟರ್ ಸೈಕಲ್ಲು. ಮೋಟರ್ ಸೈಕಲ್ಲಿನ ಟೈರಿನ ಮೈ ದುಂಡಗಿರುತ್ತದೆ, ತಿರುವಿನಲ್ಲಿ ಗಾಡಿ ಸಲೀಸಾಗಿ ವಾಲುತ್ತದೆ. ಕಾರಿನ ಟೈರು ಮಣೆಯಂತೆ ಚಪ್ಪಟೆ, ವಾಲುವುದಿಲ್ಲ. ಅದಕ್ಕೇ ಸವಾರ ತಿರುವಿನಲ್ಲಿ ಕಾಲು ಊರಿ ಊರಿ ಗಾಡಿಯನ್ನು ತಿರುಗಿಸಿದ್ದ. ಒಂದು ಕಡೆ ಹೊಂಡದ ಅಂಚಿಗೆ ನಾಲ್ಕು ಬೆರಳು ಉಳಿದಿತ್ತು, ಅಷ್ಟೆ.

ಕಾಲಿನ ಗುರುತು ಬರಿಗಾಲಿನದು. ಶ್ರೀರಾಮುಲು ಮೊಣಕಾಲೂರಿ ಬಹಳ ಹೊತ್ತು ನೋಡಿದರು. ಪ್ರತಿ ಗುರುತಿನಲ್ಲೂ ಎರಡನೇ ಬೆರಳಿಗೆ ಉಂಗುರದ ದುಂಡು ಅಚ್ಚು.

“ಕೆಲವು ಗಂಡಸ್ರೂ ಹಾಕ್ತಾರ್ರಿ, ಉಷ್ಣಕ್ಕ,” ಎಂದ ಉಚ್ಚೀರಪ್ಪ. ದನಿ ಕೇಳಿದರೆ ಅದನ್ನು ಅವನೇ ನಂಬಿದಂತಿರಲಿಲ್ಲ.

ಊರಿಗೆ ಮರಳಿ ಪೇಟೆಯ ಮೆಕ್ಯಾನಿಕ್ಕನನ್ನು ಕೇಳಿದರು. ರಾಯರ ಕಾರಿನ ಗಾಲಿ ಹತ್ತೊಂಬತ್ತು ಅಂಗುಲದ್ದು. ಅದೇ ಅಳತೆಯ ಗಾಲಿಯ ಮೋಟರ್ ಸೈಕಲ್ಲು ತಾಲೂಕಿನಲ್ಲೇ ಒಂದು, ಪೌಜಿನಿಂದ ಬಂದ ಹೊನ್ನೂರಪ್ಪನದು. ಮಿಲಿಟರಿ ಹರಾಜಿನಲ್ಲಿ ಹಿಡಿದ ಗಾಡಿ. ಬೆನ್ನಿಗೆ ಪೆಟ್ಟಿಗೆ ಕಟ್ಟಿಕೊಂಡು ದೂರದೂರುಗಳನ್ನು ತಿರುಗಲಿಕ್ಕೆಂದೇ ಮಾಡಿದ್ದು.

ಹತ್ತು ಗಂಟೆಗೆ ಹೊನ್ನೂರಪ್ಪನ ಮನೆ. ಅವನು ಮಂಚದ ಮೇಲೆ ಮಲಗಿದ್ದ. ಬಲಗಾಲಿಗೆ ಬಿದಿರಿನ ದಬ್ಬೆ ಕಟ್ಟಿತ್ತು.

“ಗಾಡಿ ಎಲ್ಲೈತಿ?”

“ಹೊರಗ ಹೋಗೈತ್ರಿ.”

“ನಿನ್ನ ಕಾಲು ಮುರದೈತಿ. ಯಾರು ಹೊಡೀತಾರ?”

ಹೊನ್ನೂರಪ್ಪ ಮಾಳಿಗೆಯ ತೊಲೆ ಎಣಿಸುವವನಂತೆ ಮೇಲೆ ನೋಡಿದ.

“ಆಕಿ.”

ಉಚ್ಚೀರಪ್ಪನ ಕೈಯಿಂದ ಲಾಠಿ ಜಾರಿ ನೆಲಕ್ಕೆ ಬಿತ್ತು. ಆಕಿ ಎಂದರೆ ಹೊನ್ನೂರಪ್ಪನ ಹೆಂಡತಿ ಗಾದಿಲಿಂಗಮ್ಮ, ಸುತ್ತಲಿನ ಇಪ್ಪತ್ತು ಹಳ್ಳಿಗೆ ಸೂಲಗಿತ್ತಿ. ನಾಲ್ಕು ವರ್ಷ ಗಂಡನ ಬೆನ್ನ ಹಿಂದೆ ಕೂತು ಓಡಾಡಿದವಳು, ನೋಡಿ ನೋಡಿಯೇ ಕಲಿತುಬಿಟ್ಟಿದ್ದಳು. ಗಂಡನ ಪೌಜಿನ ಕೋಟು ತೊಟ್ಟು, ಕನ್ನಡಕ ಹಾಕಿ ಹೊರಟರೆ ಯಾರಿಗೂ ಗುರುತು ಹತ್ತುತ್ತಿರಲಿಲ್ಲ.

ಹೊನ್ನೂರಪ್ಪ ಏನನ್ನೂ ಮುಚ್ಚಿಡಲಿಲ್ಲ. ಮಾರ್ಚ್ ೨ರಂದು ಇಬ್ಬರೂ ಪೆದ್ದಹರಿವಾಣಕ್ಕೆ ಹೊರಟಿದ್ದರು. ಅಲ್ಲಿ ದಸ್ತಗಿರಮ್ಮನಿಗೆ ಬೇನೆ ಶುರುವಾಗಿತ್ತು. ದಾರಿಯಲ್ಲಿ ಹಿಂದಿನ ಟೈರು ಸಿಡಿದು ಅವನ ಕಾಲು ಮುರಿಯಿತು. ಗಾದಿಲಿಂಗಮ್ಮ ಗಂಡನನ್ನು ಒಂದು ಬಂಡಿಗೆ ಹತ್ತಿಸಿ, ಉಳಿದ ಏಳು ಮೈಲಿ ಬಿಸಿಲಲ್ಲಿ ನಡೆದಳು. ಅವಳು ಹೊಸ್ತಿಲು ತುಳಿಯುವ ಹೊತ್ತಿಗೆ ತಾಯಿ, ಮಗು ಎರಡೂ ಹೋಗಿದ್ದವು. ಅದೇ ಮನೆಯಲ್ಲಿ ಈಗ ದಸ್ತಗಿರಮ್ಮನ ತಂಗಿ ಪೀರಮ್ಮನಿಗೆ ದಿನ ತುಂಬಿತ್ತು. ಹೊಸ ಟೈರಿಗೆ ಮದ್ರಾಸಿಗೆ ಬರೆದರೆ, ನಾಲ್ಕು ತಿಂಗಳು ಕಾಯಿರಿ ಎಂದು ಕಾಗದ ಬಂದಿತ್ತು.

ಮಧ್ಯಾಹ್ನ ಹನ್ನೆರಡಕ್ಕೆ ಜೀಪು ಪೆದ್ದಹರಿವಾಣ ಮುಟ್ಟಿತು. ಮೋಟರ್ ಸೈಕಲ್ಲು ಪೀರಮ್ಮನ ಮನೆ ಮುಂದೆಯೇ ಇತ್ತು. ಹಿಂದಿನ ಟೈರಿನ ಪಕ್ಕದಲ್ಲಿ ಅಂಬೂಬಾಯಿಯವರ ಶಂಖ. ಒಳಗಿನಿಂದ ನರಳಾಟ ಕೇಳುತ್ತಿತ್ತು. ಉಚ್ಚೀರಪ್ಪ ಬಾಗಿಲ ಕಡೆ ಹೆಜ್ಜೆ ಇಟ್ಟಾಗ ಶ್ರೀರಾಮುಲು ಅವನ ಭುಜ ಹಿಡಿದು ಕಟ್ಟೆಯ ಮೇಲೆ ಕೂರಿಸಿದರು.

ಎರಡು ಗಂಟೆ ಐದು ನಿಮಿಷಕ್ಕೆ ಮಗು ಅತ್ತಿತು. ಇನ್‌ಸ್ಪೆಕ್ಟರು ಆ ಹೊತ್ತನ್ನೂ ಡೈರಿಯಲ್ಲಿ ಬರೆದುಕೊಂಡರು.

ಗಾದಿಲಿಂಗಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಖಾಕಿ ಕಂಡು ಬೆಚ್ಚಲಿಲ್ಲ. ಈ ಕೇಸಿನಲ್ಲಿ ಬೆಚ್ಚದೇ ಇದ್ದವಳು ಅವಳೊಬ್ಬಳೇ.

“ರಾಯರನ್ನ ಒಂದು ಮಾತು ಕೇಳಬೇಕಿತ್ತಮ್ಮಾ.”

“ಕೇಳಿದ್ನಿರಿ. ದಸರಾ ಆದ ಮ್ಯಾಲೆ ನೋಡೋಣ ಅಂದ್ರು. ಅವರಿಗೆ ನೆಪ್ಪಿರಲಿಕ್ಕಿಲ್ಲ. ಪೀರಮ್ಮಗ ದಸರಾತನಕ ತಡಿಯವ್ವ ಅಂತ ಹೆಂಗ ಹೇಳ್ಲಿ?”

“ಆ ಟೈರಿನ ಮ್ಯಾಲೆ ತಿರುವಿನಾಗ ಸಾಯ್ತಿದ್ದಿ.”

“ಅದು ವಾಲಂಗಿಲ್ರಿ. ಮೈಯೆಲ್ಲಾ ಹೊರಗ ಚೆಲ್ಲಿ ದಬ್ಬಬೇಕು. ಒಂದ್ಸಲ ಬಿದ್ದೆ. ಎದ್ದೆ.”

ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಅವಳ ದಸ್ತಗಿರಿ ಆಯಿತು. ಮುಂದಿನ ವಾರ ದೇವನಕೊಂಡದಲ್ಲಿ ಒಬ್ಬಳಿಗೆ ದಿನ ತುಂಬುತ್ತದೆ, ಅಷ್ಟರಲ್ಲಿ ಬಿಡುತ್ತಾರೆಯೇ ಎಂದು ಅವಳು ಕೇಳಿದಳು. ಅದು ಮ್ಯಾಜಿಸ್ಟ್ರೇಟರ ಕೈಯಲ್ಲಿದೆ ಎಂದರು ಇನ್‌ಸ್ಪೆಕ್ಟರು, ಅವಳ ಮುಖ ನೋಡದೆ.

ಜಪ್ತಿ ಪಂಚನಾಮೆ ಬರೆಯುವಾಗ ಶ್ರೀರಾಮುಲು ಅವರಿಗೆ ಅಂಬೂಬಾಯಿಯವರ ಮಾತು ನೆನಪಾಯಿತು. ರಾಯರ ಗಾಲಿಗೆ ಸುತ್ತಿದ್ದ ದೃಷ್ಟಿಯ ದಾರ ಎಲ್ಲಿದೆ ಎಂದು ಕೇಳಿದರು. ಗಾದಿಲಿಂಗಮ್ಮನಿಗೆ ಆಗ ಸಣ್ಣಗೆ ನಗು ಬಂತು. ಅವಳು ದೃಷ್ಟಿ ತೆಗೆದಿರಲಿಲ್ಲ, ಅಳತೆ ತೆಗೆದಿದ್ದಳು. ರಿಮ್ಮಿನ ಅಂಚಿಗೆ ಒಂದು ಸುತ್ತು ಹಾಕಿ, ಸರಿಯಾಗಿ ಅಷ್ಟಕ್ಕೇ ಕತ್ತರಿಸಿ, ಮನೆಗೆ ಹೋಗಿ ತಮ್ಮ ಗಾಡಿಗೆ ಹಿಡಿದು ನೋಡಿದ್ದಳು. ಮುದುಕಿ ಕೈ ಮುಗಿದು ಉಡಿ ತುಂಬಿದಾಗ ನಿಜ ಹೇಳಲು ಬಾಯಿ ಬರಲಿಲ್ಲವಂತೆ.

ಅವಳು ಚೀಲದಿಂದ ದಾರ ತೆಗೆದು ಕೊಟ್ಟಳು. ಇನ್‌ಸ್ಪೆಕ್ಟರು ಅದನ್ನು ಮೋಟರ್ ಸೈಕಲ್ಲಿನ ರಿಮ್ಮಿಗೆ ಸುತ್ತಿದರು. ತುದಿಗೆ ತುದಿ ಕೂಡಲಿಲ್ಲ.

“ಒಂದು ಗೇಣು ಕಡಿಮಿ ಐತಲ್ಲಮ್ಮಾ.”

ಗಾದಿಲಿಂಗಮ್ಮ ಒಳಗಿನ ಕತ್ತಲೆಯ ಕಡೆ ತಿರುಗಿ ನೋಡಿದಳು. “ಕುದಿಸಿ ಇಟ್ಟ ದಾರ ಅದೊಂದ ಇತ್ರಿ.”

ಉಚ್ಚೀರಪ್ಪ ಏನು ಬರೆಯಬೇಕೆಂದು ಕೇಳಿದ. ಶ್ರೀರಾಮುಲು ಕಾಗದವನ್ನು ತಾವೇ ಎಳೆದುಕೊಂಡು ಬರೆದರು: ಕಾರಿನ ಟೈರು, ಶಂಖದ ಮುದ್ರೆ ಇರುವುದು, ಒಂದು. ಟ್ಯೂಬು ಒಂದು. ಬಿಳಿ ದಾರ ಒಂದು, ಅಳತೆಗೆ ಒಂದು ಗೇಣು ಕಡಿಮೆ. ಆ ಒಂದು ಗೇಣು ಈ ದಿನ ಹುಟ್ಟಿದ ಹೆಣ್ಣುಮಗುವಿನ ಹೊಕ್ಕುಳಿಗೆ ಕಟ್ಟಿರುವುದರಿಂದ ಜಪ್ತಿ ಮಾಡಲಾಗಿಲ್ಲ.