ಆರನೇ ಗಿಡದ ಕೆಂಪು ಪಟ್ಟಿ

ಏಪ್ರಿಲ್ 9, ಮಂಗಳವಾರ, ಬೆಳಿಗ್ಗೆ 8.40. ಸಾಲ್ಟೋ ಊರಂಚಿನ ಠಾಣೆಗೆ ಎಲ್ಬಿಯಾ ಕಾರ್ದೊಸೊ ಎಂಬ ಅರವತ್ತಮೂರು ವರ್ಷದ ಹೆಂಗಸು ಆಸ್ಪತ್ರೆಯ ಕಾಗದ ಹಿಡಿದು ಬಂದಳು. ಕೂತ್ಕೊಳ್ಳಿ ಅಂದರೂ ಕೂರಲಿಲ್ಲ.

"ನನ್ನ ಗಿಡಗಳಿಗೆ ಯಾರೋ ವಿಷ ಹಾಕಿದಾರೆ. ಮಗಳು ಸಾಯ್ತಾ ಇದಾಳೆ. ಬರ್ಕೊಳ್ಳಿ."

"ಯಾವ ಗಿಡ ಅಮ್ಮಾ?" ಕಾನ್‌ಸ್ಟೇಬಲ್ ಬಾಲ್ದೊಮಿರ್ ಕೇಳಿದ.

"ಗಾಂಜಾ. ಆರು."

ಬಾಲ್ದೊಮಿರ್ ಮೊದಲು ನೋಂದಣಿ ಕಾರ್ಡಿಗೇ ಕೈ ಚಾಚಿದ. ಈ ದೇಶದಲ್ಲಿ ಮನೆಗೆ ಆರು ಗಿಡ ಬೆಳೆಯಲು ಕಾನೂನು ಒಪ್ಪಿ ವರ್ಷಗಳಾಗಿದ್ದರೂ ಪೊಲೀಸನ ಕೈಗೆ ಅದಿನ್ನೂ ಗೊತ್ತಾಗಿಲ್ಲ. ಕಾರ್ಡು ಸರಿ ಇತ್ತು. ಆಮೇಲೆ ಆಸ್ಪತ್ರೆಯ ಕಾಗದ ಓದಿದ.

ಮಗಳು ಯಾನಿನಾಗೆ ಮೂವತ್ತನಾಲ್ಕು ವರ್ಷ. ಚಿಕ್ಕಂದಿನಿಂದ ಮೂರ್ಛೆ ರೋಗ. ಆ ಗಿಡಗಳಿಂದ ತಾಯಿ ಮನೆಯಲ್ಲೇ ತೆಗೆದ ಎಣ್ಣೆಯ ನಾಲ್ಕು ಹನಿ ಬೆಳಿಗ್ಗೆ, ನಾಲ್ಕು ಹನಿ ಸಂಜೆ. ಅದು ಶುರುವಾದ ಮೇಲೆ ದಿನಕ್ಕೆ ಐದು ಸಲ ಬರುತ್ತಿದ್ದ ಮೂರ್ಛೆ ವಾರಕ್ಕೊಮ್ಮೆಗೆ ಇಳಿದಿತ್ತು. ಭಾನುವಾರ ಈ ವರ್ಷದ ಹೊಸ ಸೀಸೆ ತೆರೆದಿದ್ದರು. ಸೋಮವಾರ ಬೆಳಿಗ್ಗೆ ವಾಂತಿ, ಕೈ ನಡುಕ, ಮಧ್ಯಾಹ್ನಕ್ಕೆ ಪ್ರಜ್ಞೆ ಇಲ್ಲ. ಕಾಗದದಲ್ಲಿ ವೈದ್ಯರು ಬರೆದದ್ದು ಒಂದೇ ಸಾಲು: ಕೀಟನಾಶಕದ ಶಂಕೆ.

10.15ಕ್ಕೆ ಇನ್ಸ್‌ಪೆಕ್ಟರ್ ತೆಚೆರಾ ಬಾಲ್ದೊಮಿರ್ ಜೊತೆ ಅವಳ ಮನೆಗೆ ಪಂಚನಾಮೆಗೆ ಹೋದ. ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದವನು, ಗಿಡಮರ ಕಂಡರೆ ಆಗದವನು. ಹಿತ್ತಲಲ್ಲಿ ಕೊಯ್ದ ಆರು ಬೊಡ್ಡೆಗಳು ಒಂದೇ ಸಾಲಿನಲ್ಲಿದ್ದವು. ಒಂದೊಂದಕ್ಕೂ ದೃಷ್ಟಿ ತಾಗದಿರಲೆಂದು ಕಟ್ಟಿದ ಕೆಂಪು ಬಟ್ಟೆ.

"ಔಷಧಿ ಏನಾದ್ರೂ ಹೊಡೆದಿದ್ರಾ?"

"ಯಾವತ್ತೂ ಇಲ್ಲ. ಫೆಬ್ರವರೀಲಿ ನುಸಿ ಬಿತ್ತು. ಎಲೆ ತುಂಬ ಬಿಳಿ ಚುಕ್ಕಿ, ಆಮೇಲೆ ಬಲೆ. ದಿನಾ ಬೆಳಿಗ್ಗೆ ಸೋಪಿನ ನೀರಲ್ಲಿ ಎಲೆಯ ಹಿಂಭಾಗ ಒರೆಸ್ತಿದ್ದೆ. ಬಲೆ ಕಟ್ಟಿದ ಎಲೆ ಕಿತ್ತು ಸುಡ್ತಿದ್ದೆ. ನುಸಿ ತಿನ್ನೋ ನುಸಿ ಅಂತ ಬರುತ್ತಲ್ಲ, ಅದನ್ನೂ ತರಿಸಿ ಬಿಟ್ಟೆ."

"ಹೋಯ್ತಾ?"

"ಮಾರ್ಚ್ ಮಧ್ಯದಲ್ಲಿ ಒಂದಿನ ನೋಡಿದ್ರೆ ಎಲ್ಲಾ ಸತ್ತು ಬಿದ್ದಿದ್ವು. ನಾನು ಬಿಟ್ಟ ನುಸೀನೂ ಸತ್ತಿತ್ತು. ಸೋಪು ಗೆದ್ದಿತು ಅಂದ್ಕೊಂಡೆ." ಅವಳ ದನಿ ಏರಲಿಲ್ಲ. "ಇಪ್ಪತ್ತನೇ ತಾರೀಖು ಕೊಯ್ದೆ."

ತೆಚೆರಾ ಮಂಡಿಯೂರಿ ಬೊಡ್ಡೆಗಳನ್ನು ಒಂದೊಂದಾಗಿ ನೋಡಿದ. ಸಾಲಿನ ಕೊನೆಯದಕ್ಕೆ, ಬಟ್ಟೆಯ ಕೆಳಗೆ, ಇನ್ನೊಂದು ಕೆಂಪು ಪಟ್ಟಿ ಇತ್ತು. ಅದು ಪ್ಲಾಸ್ಟಿಕ್ಕಿನದು. ಬಿಚ್ಚಿ ನೋಡಿದರೆ ಒಳಮೈಯಲ್ಲಿ ಮಾರ್ಕರ್‌ನಿಂದ ಬರೆದಿತ್ತು: 14/3. ಅದರ ಪಕ್ಕ, 21.

"ಇದು ನಿಮ್ಮದಾ?"

"ಅಲ್ಲ. ಇಷ್ಟೊಂದು ಕೆಂಪು ಬಟ್ಟೆ ಮಧ್ಯೆ ನನ್ನ ಕಣ್ಣಿಗೇ ಬಿದ್ದಿಲ್ಲ."

ಪಟ್ಟಿಯನ್ನೂ ಎಣ್ಣೆ ಸೀಸೆಯನ್ನೂ ವಶಕ್ಕೆ ತೆಗೆದುಕೊಂಡರು. ಗೇಟಿನ ಒಳಗೆ ಮೊಳೆಯೊಂದಕ್ಕೆ ಒಗೆದ ನೀಲಿ ಅಂಗಿ ನೇತು ಹಾಕಿತ್ತು. ಬಾಲ್ದೊಮಿರ್ ಅದನ್ನು ಪಂಚನಾಮೆಯಲ್ಲಿ ಬರೆಯಲಿಲ್ಲ. ಮನೆ ಎಂದ ಮೇಲೆ ಅಂಗಿ ಇರುತ್ತದೆ.

ಮಧ್ಯಾಹ್ನ 12ಕ್ಕೆ ಎಡಮನೆಯ ನಿವೃತ್ತ ಕಸ್ಟಮ್ಸ್ ಗುಮಾಸ್ತನ ವಿಚಾರಣೆ. ಗಿಡದ ವಾಸನೆ ಬರುತ್ತದೆಂದು ಮೂರು ಸಲ ದೂರು ಕೊಟ್ಟವನು.

"ಮಾರ್ಚ್ ಹದಿನಾಲ್ಕು, ಎಲ್ಲಿದ್ರಿ?"

"ಬೆಳಿಗ್ಗೆ ಮನೇಲಿ. ಮಧ್ಯಾಹ್ನ ಒಂದರಿಂದ ನಾಲ್ಕು ಮಲಗಿದ್ದೆ."

"ಸಾಕ್ಷಿ?"

"ಆ ಹೊತ್ತಲ್ಲಿ ಊರೇ ಮಲಗಿರುತ್ತೆ. ನೀವು ಮಲಗಲ್ವಾ ಇನ್ಸ್‌ಪೆಕ್ಟ್ರೇ?"

ತೆಚೆರಾ ಮಲಗುತ್ತಿದ್ದ. ಠಾಣೆಯೂ ಮಲಗುತ್ತಿತ್ತು. ಯಾರು ಏನು ಮಾಡಬೇಕಾದರೂ ಆ ಮೂರು ಗಂಟೆಯೇ ಸಾಕು. ಗುಮಾಸ್ತನನ್ನು ಬಿಟ್ಟು ಕಳಿಸಿದರು.

ಏಪ್ರಿಲ್ 10, ಬೆಳಿಗ್ಗೆ 9. ಇಂಥ ಪಟ್ಟಿ ಹಸಿರುಮನೆಗಳಲ್ಲಿ ಬಳಸುತ್ತಾರೆಂದು ವಿಚಾರಿಸಿ ತಿಳಿದು ಇಬ್ಬರೂ ಊರಾಚೆ ಟೊಮೆಟೊ ಬೆಳೆಯುವ ಪಾಲಿಹೌಸಿಗೆ ಹೋದರು. ಅಲ್ಲಿನ ಮೇಸ್ತ್ರಿ ಪಟ್ಟಿಯನ್ನು ಬೆರಳಲ್ಲಿ ತಿರುಗಿಸಿ ನೋಡಿದ.

"ನಮ್ಮದೇ. ಔಷಧಿ ಹೊಡೆದ ಸಾಲಿನ ಕೊನೇ ಗಿಡಕ್ಕೆ ಕಟ್ತೀವಿ. ಹೊಡೆದ ತಾರೀಖು, ಎಷ್ಟು ದಿನ ಮುಟ್ಟಬಾರದು ಅನ್ನೋದು ಬರೀತೀವಿ. ಪಟ್ಟಿ ಬಿಚ್ಚೋವರೆಗೂ ಒಂದು ಹಣ್ಣು ಕೀಳಂಗಿಲ್ಲ."

"ಕಟ್ಟೋದ್ಯಾರು?"

"ಹೊಡೆದೋನೇ. ಬೇರೆಯವರು ಕಟ್ಟಿದ್ದನ್ನ ಯಾರೂ ನಂಬಲ್ಲ."

"ಈ ಬರಹ ಯಾರದ್ದು?"

ಮೇಸ್ತ್ರಿ ಸಾಲುಗಳ ಕಡೆ ನೋಡಿದ. "ಒಂದು ಅನ್ನೋ ಅಂಕಿಯ ಬುಡಕ್ಕೆ ಹೀಗೆ ಅಡ್ಡಗೆರೆ ಎಳೆಯೋದು ವಾಲ್ದೆಮಾರ್ ಸೊಸಾ. ಇಪ್ಪತ್ತು ವರ್ಷದಿಂದ ಬೈತಾ ಇದೀನಿ, ಬಿಟ್ಟಿಲ್ಲ. ಏನ್ ಸಾರ್, ಏನ್ ಮಾಡ್ದ? ನೊಣಾನೂ ಹೊಡೆಯಲ್ಲ ಅವನು."

"ನುಸಿ ಹೊಡೀತಾನಲ್ಲ," ಎಂದ ಬಾಲ್ದೊಮಿರ್.

ಏಪ್ರಿಲ್ 11, ಬೆಳಿಗ್ಗೆ 9.30ಕ್ಕೆ ಪ್ರಯೋಗಾಲಯದ ವರದಿ ಬಂತು. ಎಣ್ಣೆಯಲ್ಲಿದ್ದದ್ದು ಟೊಮೆಟೊಗೆ ಹೊಡೆಯುವ ನುಸಿನಾಶಕ. ಎಣ್ಣೆ ಇಳಿಸುವಾಗ ಗಿಡಕ್ಕೆ ಅಂಟಿದ್ದ ಆ ವಿಷವೂ ಸಾಂದ್ರವಾಗಿತ್ತು. 10.20ಕ್ಕೆ ವಾಲ್ದೆಮಾರ್ ಸೊಸಾನನ್ನು ಕೂರಿಸಿದರು. ಐವತ್ತೆಂಟು ವರ್ಷ, ಒಂಟಿ. ಇಷ್ಟು ದಿನ ಯಾರಾದರೂ ಕೇಳಲಿ ಎಂದು ಕಾದವನ ಹಾಗೆ ಕೂತಿದ್ದ.

"ಎಲ್ಬಿಯಾ ಕಾರ್ದೊಸೊ ಗೊತ್ತಾ?"

"ಗೊತ್ತು. ದಿನಾ ಸಂಜೆ ಆರಕ್ಕೆ ಹೋಗಿ ಮಾಟೆ ಚಹಾ ಕುಡೀತೀನಿ. ಒಂಬತ್ತು ವರ್ಷ ಆಯ್ತು."

"ಗಿಡಕ್ಕೆ ಔಷಧಿ ಹೊಡೆದಿದ್ದು ನೀನಾ?"

"ಹೌದು. ಎಲ್ಲರೂ ಮಲಗಿದ್ದಾಗ."

"ಯಾಕೆ?"

"ನುಸಿ ತಂದಿದ್ದು ನಾನೇ." ಅವನು ತನ್ನ ಅಂಗಿಯ ತೋಳು ನೋಡಿಕೊಂಡ. "ಬಟ್ಟೆ ಮೇಲೆ ಬರುತ್ತೆ ಸಾರ್. ಪಾಲಿಹೌಸಿನ ಬಟ್ಟೇಲಿ ಗೇಟು ದಾಟಬಾರ್ದು ಅಂತ ಅವಳು ಮೊದಲನೇ ದಿನವೇ ಹೇಳಿದ್ಲು. ಬದಲಾಯಿಸ್ಕೊಳ್ಳೋಕೆ ಅಂತ ಮೊಳೆಗೆ ಒಂದು ಅಂಗಿ ಹಾಕಿಡ್ತಿದ್ಲು. ಅವಳೇ ಒಗೀತಿದ್ಲು. ಫೆಬ್ರವರೀಲಿ ಒಂದಿನ ಅಂಗಿ ಇನ್ನೂ ಒದ್ದೆ ಇತ್ತು. ಒಂದಿನಕ್ಕೆ ಏನಾಗುತ್ತೆ ಅಂತ ಹಾಗೇ ಒಳಗೆ ಹೋದೆ."

"ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ಗೇಟು ಮುಚ್ತಿದ್ಲು."

"ಅದಕ್ಕೆ ವಿಷ?"

"ನುಸಿ ಸತ್ರೆ ಸಾಕಾಗಿತ್ತು. ಕೊಯ್ಲಿಗೆ ಇನ್ನೂ ತಿಂಗಳಿದೆ ಅಂದ್ಕೊಂಡೆ. ಪಟ್ಟಿ ಕಟ್ಟಿದ್ನಲ್ಲ. ಇಪ್ಪತ್ತೊಂದು ಅಂತ ಬರೆದಿದ್ನಲ್ಲ."

ತೆಚೆರಾಗೆ ಕೇಳಲು ಮನಸ್ಸಿಲ್ಲದಿದ್ದರೂ ಕೇಳಬೇಕಿತ್ತು. "ಇಪ್ಪತ್ತನೇ ತಾರೀಖು ಸಂಜೆ ಹೋಗಿದ್ಯಾ?"

"ಹೋಗಿದ್ದೆ."

"ಕೊಯ್ದು ನೇತು ಹಾಕಿದ್ದು ಕಂಡಿತಾ?"

"ಕಂಡಿತು. ಸೋಪೇ ಗೆದ್ದಿತು ನೋಡು ಅಂದ್ಲು. ಅವಳು ನಕ್ಕಿದ್ದು ನೋಡಿ ವರ್ಷ ಆಗಿತ್ತು. ಹೇಳೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಮಾಟೆ ಕೈಗೆ ಕೊಟ್ಲು."

"ಕುಡಿದ್ಯಾ?"

"ಕುಡಿದೆ."

"ಆಮೇಲೆ ಸೀಸೆ ತೆರೆಯೋವರೆಗೂ ಹದಿನೆಂಟು ದಿನ?"

"ದಿನಾ ಕುಡಿದೆ."

11.05ಕ್ಕೆ ಬಂಧನ ದಾಖಲಾಯಿತು. ಪ್ರಾಸಿಕ್ಯೂಟರ್ ಫೋನಿನಲ್ಲಿ ಉದ್ದೇಶವೇನು ಎಂದು ಕೇಳಿದರು. ಹಣವಲ್ಲ, ಹಗೆಯಲ್ಲ ಎಂದ ತೆಚೆರಾ. ಆ ಮನುಷ್ಯನಿಗೆ ಹೋಗಲು ಒಂದೇ ಮನೆಯಿತ್ತು. ಅದನ್ನು ಉಳಿಸಿಕೊಳ್ಳಲು ಆ ಮನೆಯನ್ನೇ ಹಾಳು ಮಾಡಿದ್ದ. ತೆಚೆರಾಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸುಸ್ತು ಮಾತ್ರ ಆಯಿತು.

ಏಪ್ರಿಲ್ 12, ಸಂಜೆ 5.30, ಆಸ್ಪತ್ರೆ. ಯಾನಿನಾ ಕಣ್ಣು ಬಿಟ್ಟಿದ್ದಳು. ಜೀವಕ್ಕೆ ಅಪಾಯವಿಲ್ಲ ಎಂದಿದ್ದರು ವೈದ್ಯರು. ಮೂರ್ಛೆ ಮಾತ್ರ ಬೆಳಿಗ್ಗೆಯಿಂದ ನಾಲ್ಕು ಸಲ ಬಂದಿತ್ತು. ಹಳೆಯ ಎಣ್ಣೆ ಮುಗಿದಿತ್ತು, ಹೊಸದು ಠಾಣೆಯ ಕಪಾಟಿನಲ್ಲಿತ್ತು. ಇನ್ನೊಂದು ಬೆಳೆಗೆ ಒಂದು ವರ್ಷ ಬೇಕು.

ತೆಚೆರಾ ವಾಲ್ದೆಮಾರನ ಹೇಳಿಕೆಯನ್ನು ಓದಿ ಹೇಳಿದ. ಎಲ್ಬಿಯಾ ಮಗಳ ಕೈ ಬಿಡದೆ ಕೇಳಿದಳು.

"ಹೇಳಿದ್ರೆ ಗೇಟು ಮುಚ್ತಿದ್ಲು ಅಂದ್ನಾ?"

"ಹೌದು."

"ಮುಚ್ತಿದ್ದೆ. ಅದನ್ನ ಸರಿಯಾಗೇ ತಿಳ್ಕೊಂಡಿದ್ದ. ಗೇಟಿನ ಮೊಳೇಲಿ ಅವನ ಅಂಗಿ ಇದೆ. ತಗೊಂಡು ಹೋಗಿ. ನಾನು ಮನೆಗೆ ಹೋದಾಗ ಅದು ಅಲ್ಲಿರಬಾರ್ದು."

ದಾರಿಯಲ್ಲಿ ಬಾಲ್ದೊಮಿರ್ ಜೀಪು ನಿಲ್ಲಿಸಿ ಅಂಗಿ ತಂದ. "ಸಾರ್, ಇದನ್ನ ವಶಪಡಿಸ್ಕೊಂಡ ವಸ್ತುಗಳಲ್ಲಿ ಸೇರಿಸ್ಲಾ?"

"ಬೇಡ. ಅವನಿಗೇ ಕೊಡು."

6.10ಕ್ಕೆ ಲಾಕಪ್ಪಿನ ಸರಳಿನೊಳಗಿಂದ ವಾಲ್ದೆಮಾರ್ ಅದನ್ನು ಇಸಕೊಂಡ. ಒಗೆದಿತ್ತು, ಒಣಗಿತ್ತು. ಮೈಮೇಲಿದ್ದ ಪಾಲಿಹೌಸಿನ ಅಂಗಿ ಬಿಚ್ಚಿಟ್ಟು ಅದನ್ನು ತೊಟ್ಟುಕೊಂಡ. ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡು, ಬಾಗಿಲ ಕಡೆ ಮುಖ ಮಾಡಿ ಕೂತ.