ಅತನೂರಿನ ಹಿತ್ತಲ ಗೋಡೆ

"ಒಂದು ಚೀಲ ಕೆಳಗ ಇಳಿಸಿದ್ರೂ ನಾ ಇಲ್ಲಿಂದ ಹೊಂಟೆ ನೋಡ್ರಿ!"

ಶಿವಕಾಂತಾ ತಲೆಬಾಗಿಲಿಗೆ ಅಡ್ಡವಾಗಿ ನಿಂತಿದ್ದಳು. ಮೊಣಕೈವರೆಗೆ ಸುಣ್ಣ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕೈಯಲ್ಲಿ ಕರಣೆ. ಎದುರಿಗೆ ಒಂದು ಹಳೆಯ ಬಿಳಿ ಅಂಬಾಸಿಡರ್ ಕಾರು. ಅದರ ಡಿಕ್ಕಿಯಲ್ಲಿ ನಾಲ್ಕು ಚೀಲ ಸಿಮೆಂಟು. ಪಕ್ಕದಲ್ಲಿ ಕಣ್ಣು ಕಣ್ಣು ಬಿಡುತ್ತಿದ್ದ ಶಂಕರಲಿಂಗ.

"ಗೌಂಡಿ ಎಲ್ಲಿದ್ದಾನ್ರಿ? ಅವನ್ನ ಕರೀರಿ, ಅವನ ಕೂಡ ಮಾತಾಡ್ತೇನಿ."

"ನಾನ ಗೌಂಡಿ! ಮಾತಾಡ್ರಿ."

ಒಳಗೆ ಸುಭದ್ರಾಬಾಯಿ ಜೋರಾಗಿ ನಕ್ಕರು. ಅತನೂರಿನ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ಮನೆ ಅವರದು. ತಾಯಿಯಿಲ್ಲದ ಶಂಕರಲಿಂಗನನ್ನು ಇದೇ ಮನೆಯಲ್ಲಿ ಸಾಕಿ ಬೆಳೆಸಿದ ಸೋದರತ್ತೆ ಅವರು. ಅವನೀಗ ಜೇವರ್ಗಿಯಲ್ಲಿ ಹಳೆಯ ಕಾರುಗಳ ಗ್ಯಾರೇಜು ಇಟ್ಟುಕೊಂಡಿದ್ದ. ಅತ್ತೆಯ ಮನೆಯ ಗೋಡೆ ಉದುರುತ್ತಿದೆ ಎಂದು ಕೇಳಿ, ಯಾರನ್ನೂ ವಿಚಾರಿಸದೆ ಸಿಮೆಂಟು ತುಂಬಿಕೊಂಡು ಬಂದಿದ್ದ. ಅತ್ತೆ ಅಷ್ಟರೊಳಗೆ ಆಳಂದದಿಂದ ಸುಣ್ಣದ ಗಾರೆ ಮೆತ್ತುವ, ಗಚ್ಚಿನ ಕೆಲಸದ ಮೇಸ್ತ್ರಿ ಹಣಮಂತ್ರಾಯ ಗೌಂಡಿಯ ಮಗಳು ಶಿವಕಾಂತಾಳನ್ನು ಕರೆಸಿದ್ದರು.

"ಸಿಮೆಂಟಿಗೆ ಏನಾಗ್ಯಾದ್ರಿ? ಊರೆಲ್ಲಾ ಹಚ್ಚತಾರ!"

"ಇದು ಮಣ್ಣಿನ್ಯಾಗ ಕಟ್ಟಿದ ಗೋಡಿ. ಮಳ್ಯಾಗ ನೀರು ಕುಡೀತದ, ಬಿಸಲಾಗ ಬಿಡ್ತದ. ಮ್ಯಾಲೆ ಸಿಮೆಂಟ್ ಮೆತ್ತಿದ್ರ ಕುಡಿದ ನೀರು ಒಳಗ ಉಳೀತದ. ಹೊರಗ ಚಂದ ಕಾಣ್ತದ, ಒಳಗ ರಾಡಿ ಆಗ್ತದ. ಒಂದಿನ ಧಪ್ ಅಂತ ಕೂಡ್ತದ." ಅವಳು ಕರಣೆಯಿಂದ ಕಾರನ್ನು ತೋರಿಸಿದಳು. "ಇದಕ್ಕ ಬ್ಯಾರೆ ಗಾಡಿ ಇಂಜಿನ್ ಕೂಡ್ಸೀರೇನು?"

"ಛೇ ಛೇ! ಇಲ್ರಿ!" ಎಂದ ಶಂಕರಲಿಂಗ, ಯಾರೋ ತನ್ನ ಮಗುವಿಗೆ ಬೈದಷ್ಟು ನೋವಿನಿಂದ.

"ಮತ್ತ?"

ಅವನು ಡಿಕ್ಕಿ ಮುಚ್ಚಿದ.

ಆಮೇಲೆ ಆ ಅಂಬಾಸಿಡರ್ ವಾರಕ್ಕೆ ಮೂರು ಸಲ ಅತನೂರಿಗೆ ಬರತೊಡಗಿತು. ಹಳೆಯ ಗಾಡಿ, ಓಡಿಸದಿದ್ದರೆ ಬ್ಯಾಟರಿ ಇಳಿಯುತ್ತದೆ ಎಂದು ಶಂಕರಲಿಂಗ ಗಂಭೀರವಾಗಿ ಹೇಳುತ್ತಿದ್ದ. ಪಾಪ, ಬ್ಯಾಟರಿ! ಅದಕ್ಕೆ ಬೇಕಾದದ್ದು ಜೇವರ್ಗಿಯ ರಸ್ತೆಯಲ್ಲೂ ಇತ್ತು. ಅವನಿಗೆ ಬೇಕಾದದ್ದು ಮಾತ್ರ ಅತನೂರಿನಲ್ಲೇ ಇತ್ತು.

ಅವನು ಭೂಸನೂರಿನ ಕಡೆಯಿಂದ ಬೆಲ್ಲ ತಂದ, ಗಚ್ಚಿಗೆ ಬೆಲ್ಲದ ನೀರು ಬೇಕೆಂದು. ಸುಣ್ಣ ಎಷ್ಟು ದಿನ ಕೊಳೆಯಬೇಕು, ಮರಳು ಎಷ್ಟು ಬೆರೆಸಬೇಕು ಎಂದು ಕಲಿತ. ಅವಳು ಬಾನೆಟ್ಟಿನ ಮೇಲೆ ಕಿವಿಯಿಟ್ಟು ಇಂಜಿನ್ನಿನ ಸದ್ದು ಕೇಳಲು ಕಲಿತಳು. ಗೋಡೆಯ ಮೇಲೆ ಬೆರಳಿನಿಂದ ಬಡಿದು ಅದರ ಟೊಳ್ಳು ಗುರುತಿಸುವವಳಿಗೆ ಅದೇನೂ ಕಷ್ಟವಾಗಲಿಲ್ಲ.

'ಇಂಥವನ ಜೊತೆ ಮುದುಕಿಯಾಗುವವರೆಗೂ ಮಾತಾಡುತ್ತ ಕೂರಬಹುದಲ್ಲ...' ಹಾಗೊಂದು ಯೋಚನೆ ಬಂದು ಶಿವಕಾಂತಾ ತಾನೇ ನಾಚಿಕೊಂಡಳು.

ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಅವಳ ರೊಟ್ಟಿಯ ಅಂಚಿಗೆ ರಕ್ತ ಹತ್ತಿತು. ಸುಣ್ಣಕ್ಕೆ ಬೆಂದ ಬೆರಳುಗಳು ಒಡೆದಿದ್ದವು. ಶಂಕರಲಿಂಗ ತುತ್ತು ಕೆಳಗಿಟ್ಟ.

"ಎಷ್ಟು ವರ್ಷದಿಂದ ಹಿಂಗ?"

"ಹದಿನೆಂಟರಾಗ ಕರಣಿ ಹಿಡಿದೇನಿ. ಅವಾಗಿಂದ ಹಿಂಗ."

ಅವನು ಆ ದಿನ ಊಟ ಮುಗಿಸಲಿಲ್ಲ.

ಅದೇ ವಾರ ಸುಭದ್ರಾಬಾಯಿ ಇಬ್ಬರ ಲಗ್ನದ ಮಾತೆತ್ತಿದರು. ಶಿವಕಾಂತಾ ಹೂಂ ಅನ್ನುವ ಮೊದಲೇ ಆಳಂದದಿಂದ ಫೋನು. ತಂದೆಗೆ ಆರಾಮಿಲ್ಲ!

"ಹಿತ್ತಲ ಗೋಡಿ ಒಂದ ಉಳದದ್ರಿ," ಹೊರಡುವಾಗ ಅವಳು ಹೇಳಿದಳು. "ನಾ ಬರೋತನಕ ಮುಟ್ಟಬ್ಯಾಡ್ರಿ."

ಒಂಬತ್ತನೆಯ ದಿನ ತಿರುಗಿ ಬಂದಳು. ನೇರ ಹಿತ್ತಲಿಗೆ ಹೋದಳು.

ಬೂದು ಬಣ್ಣದ ಗೋಡೆ. ನುಣ್ಣಗೆ, ಮೇಲಿಂದ ಕೆಳಗಿನವರೆಗೆ ಸಿಮೆಂಟು! ಅತ್ತೆ ಬೇಡ ಬೇಡ ಎಂದರೂ ಕೇಳದೆ ಶಂಕರಲಿಂಗ ಮಾಡಿಸಿದ್ದ. ಸಂಭ್ರಮದಿಂದ ಅವಳ ಮುಂದೆ ಬಂದು ನಿಂತ.

"ಕೆಲಸ ಮುಗೀತು ನೋಡು! ಇನ್ನ ನೀ ಸುಣ್ಣ ಮುಟ್ಟೋದ ಬ್ಯಾಡ."

'ಓ... ಈ ಮನೆಗೆ ಸೊಸೆಯಾಗಿ ಬರುವವಳು ಗೌಂಡಿಯಾಗಿರಬಾರದು. ಅಷ್ಟೇ ತಾನೆ?'

ಅವಳು ಕೂಗಾಡಲಿಲ್ಲ. ಕರಣೆ, ಗೋಡೆಯ ನೇರ ನೋಡುವ ಗುಂಡು ದಾರ ಚೀಲಕ್ಕೆ ಹಾಕಿಕೊಂಡಳು. "ಶಿವಕಾಂತಾ, ಏನಾತು? ಹೇಳರೆ ಹೇಳು!" ಎಂದು ಅವನು ಬಸ್ಸಿನ ತನಕ ಹಿಂದೆ ಬಂದ. ಅವಳು ತಿರುಗಿಯೂ ನೋಡಲಿಲ್ಲ. ಎಷ್ಟೋ ದಿನ ಅವನ ಫೋನು ಬರುತ್ತಿತ್ತು, ಎತ್ತಲಿಲ್ಲ. ಕಡೆಗೆ ಅದೂ ನಿಂತಿತು.

ಆ ಮಳೆಗಾಲದಲ್ಲಿ ಹಣಮಂತ್ರಾಯ ಗೌಂಡಿ ತೀರಿಕೊಂಡರು. ಆಳಂದದ ಸುತ್ತ ಹಳೆಯ ಮನೆ ದುರಸ್ತಿ ಮಾಡಿಸುವವರು ಉಳಿದಿರಲಿಲ್ಲ. ಕೆಡವಿಸುವವರು ಮಾತ್ರ ಬೇಕಾದಷ್ಟಿದ್ದರು. ಯಾವ ಗೋಡೆ ಮೊದಲು ಸಡಿಲಿಸಿದರೆ ಮಾಳಿಗೆಯ ಮರದ ಜಂತಿಗಳು ಮುರಿಯದೆ ಇಳಿಯುತ್ತವೆ ಎಂಬುದು ಶಿವಕಾಂತಾಳಿಗೆ ಗೊತ್ತಿತ್ತು. ಹೊಟ್ಟೆಪಾಡು, ಒಪ್ಪಿಕೊಂಡಳು. ತಂದೆ ಗಚ್ಚು ಮಾಡಿದ ಮನೆಯೊಂದನ್ನೂ ಕೆಡವಿದಳು. ಅವತ್ತು ಮನೆಗೆ ಬಂದು ಒಲೆ ಹಚ್ಚಲಿಲ್ಲ.

ಜನವರಿಯ ಒಂದು ಮಧ್ಯಾಹ್ನ ಅವಳು ಕೆಡವುತ್ತಿದ್ದ ಮನೆಯ ಮುಂದೆ ಶಂಕರಲಿಂಗ ಬಂದು ನಿಂತ. ಸೊರಗಿದ್ದ. ಬಸ್ಸಿನಲ್ಲಿ ಬಂದಿದ್ದ.

ಬಂದನಾ... ಕಡೆಗೂ ಬಂದನಾ? ಹಾಳಾದ ಮನಸ್ಸು, ಒಂದು ಗಳಿಗೆ ಕುಣಿದೇಬಿಟ್ಟಿತು!

"ಗಾಡಿ ಎಲ್ರಿ?" ಬೇರೇನೂ ಹೊಳೆಯದೆ ಕೇಳಿದಳು.

"ಇಲ್ಲ. ಹಿತ್ತಲದಾಗ ನಿಲ್ಲಿಸಿದ್ದೆ, ಆ ಗೋಡಿ ಅದರ ಮ್ಯಾಲೆ ಬಿತ್ತು."

"ಅತ್ತಿ...?"

"ಅವತ್ತ ಮಠಕ್ಕ ಹೋಗಿದ್ಲು. ಉಳಿದಾಳ." ಅವನು ತಲೆ ತಗ್ಗಿಸಿದ. "ಈಗ ಮಾಳಗಿ ಜೋತಾಡಾಕತ್ತದ. ಕೆಡವಬೇಕು. ನಿನ್ನ ಹೊರತು ಬ್ಯಾರೆ ಯಾರೂ ಆ ಮನಿಗೆ ಕೈ ಹಚ್ಚಬಾರದು ಅಂದಾಳ ಅತ್ತಿ."

ಕರೆಯಲು ಬಂದದ್ದು ಅದಕ್ಕಾ... ಕೆಡವಲು!

ಆದರೂ ಹೋದಳು. ಅತನೂರಿನಲ್ಲಿ ಇಡೀ ದಿನ ಗೋಡೆ ಗೋಡೆ ಬಡಿದು ನೋಡಿದಳು. ಒಂದು ಖೋಲಿಯನ್ನಾದರೂ ಉಳಿಸಬಹುದೇ ಎಂದು ಅವನು ಮೂರು ಸಲ ಕೇಳಿದ. ಸುಳ್ಳು ಹೇಳಲು ಅವಳಿಗೂ ಆಸೆಯಾಯಿತು.

"ಆಗೂದಿಲ್ರಿ. ಜಂತಿ ತುದಿ ಎಲ್ಲಾ ಕೊಳತಾವ."

ಮರುದಿನ ಹಿತ್ತಲಲ್ಲಿ ಉಳಿದಿದ್ದ ತುಂಡು ಗೋಡೆಗೆ ಅವನೇ ಹಾರೆ ಹಾಕಿದ. ಸಿಮೆಂಟಿನ ಪದರು ಕಿತ್ತು ಬಿತ್ತು. ಅದರ ಹಿಂದೆ, ಮಳೆ ನಿಂತು ಮೂರು ತಿಂಗಳಾದರೂ, ಹಸಿ ಹಸಿ ಕಪ್ಪು ಕೆಸರು. ಶಂಕರಲಿಂಗ ಹಾರೆ ಬಿಟ್ಟು ಅಲ್ಲೇ ಕುಳಿತ. ಅಳು ತಡೆಯಲಾಗಲಿಲ್ಲ ಅವನಿಗೆ.

"ನಿನ್ನ ಕೈಯಾಗ ರಕ್ತ ಬರೋದು ನೋಡಾಕ ಆಗಲಿಲ್ಲ ಶಿವಕಾಂತಾ... ಇದೊಂದು ಗೋಡಿರೆ ನಿನ್ನ ಕೈ ಸುಡೋದು ತಪ್ಪಲಿ ಅಂತ ಮಾಡಿಸಿದೆ. ಅಷ್ಟ."

ಅವಳು ತನ್ನ ಹಾರೆ ಕೆಳಗಿಟ್ಟಳು.

"ನನ್ನ ಗೌಂಡಿ ಅನ್ನಾಕ ನಾಚಿಕಿ ನಿಮಗ ಅಂತ ತಿಳಕೊಂಡೆ ನಾ..."

"ನಾಚಿಕಿ? ಗ್ಯಾರೇಜಿಗೆ ಬಂದವರ ಮುಂದೆಲ್ಲಾ ನಿನ್ನ ಸುದ್ದಿನ ಹೇಳ್ತಿದ್ದೆ. ಕೇಳಿ ಕೇಳಿ ಬ್ಯಾಸತ್ತಿದ್ರು ಅವರು!"

"ಮತ್ತ ಒಂದು ಮಾತು ನನ್ನ ಕೇಳಬಾರದಿತ್ತಾ?"

"ಕೇಳಿದ್ರ ಬ್ಯಾಡ ಅಂತಿದ್ದಿ."

"ಹೌದ್ರಿ, ಬ್ಯಾಡ ಅಂತಿದ್ದೆ! ಗೋಡಿ ನಿಂತಿರ್ತಿತ್ತು. ನಾನೂ ಇಲ್ಲೇ ಇರ್ತಿದ್ದೆ!"

ಅವಳೂ ಅತ್ತಳು. ಯಾರೂ ಯಾರನ್ನೂ ಸಮಾಧಾನ ಮಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಇಬ್ಬರೂ ಎದ್ದು ಮತ್ತೆ ಹಾರೆ ಹಿಡಿದರು.

ನಾಲ್ಕನೆಯ ದಿನ ಸಂಜೆಗೆ ಮನೆ ಇರಲಿಲ್ಲ. ಮಣ್ಣಿನ ಗುಡ್ಡೆ, ಕಲ್ಲಿನ ರಾಶಿ, ಒಂದಷ್ಟು ಜಂತಿ. ತಾನು ಆಡಿ ಬೆಳೆದ ಜಾಗ ಇಷ್ಟು ಸಣ್ಣದಿತ್ತೇ ಎಂದು ಶಂಕರಲಿಂಗ ಸುಮ್ಮನೆ ನೋಡುತ್ತಿದ್ದ. ಶಿವಕಾಂತಾ ತನ್ನ ಚೀಲ ಕಟ್ಟಿಕೊಂಡಳು. ಆಳಂದದಲ್ಲಿ ಕೆಡವಲು ಇನ್ನೊಂದು ಮನೆ ಕಾಯುತ್ತಿತ್ತು.

"ಶಿವಕಾಂತಾ..." ಅವನು ಕಲ್ಲಿನ ರಾಶಿ ದಾಟಿ ಬಂದ. "ನನ್ನ ಹತ್ರ ಈಗ ಮನಿ ಇಲ್ಲ, ಗಾಡಿ ಇಲ್ಲ. ಗ್ಯಾರೇಜಿನ ಹಿಂದ ಎರಡು ತಗಡಿನ ಖೋಲಿ ಅವ. ಅತ್ತಿನೂ ಅಲ್ಲೇ ಇರ್ತಾಳ. ನೀ ಅಂದ್ರ ನನಗ ಜೀವ. ನನ್ನ ಲಗ್ನ ಆಗ್ತಿಯೇನು? ಬ್ಯಾಡ ಅಂದ್ರ ನಿನ್ನ ಬಸ್ಸಿಗೆ ಹತ್ತಿಸಿ ಹೋಗ್ತೇನಿ."

ಅವಳು ಚೀಲದ ಪಕ್ಕ ಕಲ್ಲಿನ ಮೇಲೆ ಕುಳಿತಳು. ಬಸ್ಸು ಬಂದು ಹಾರ್ನು ಹೊಡೆದು ಹೋಗಿಯೇ ಬಿಟ್ಟಿತು. ಅವಳು ಏಳಲಿಲ್ಲ.

"ತಗಡು ಬ್ಯಾಸಗ್ಯಾಗ ಭಾಳ ಕಾಯ್ತದ್ರಿ," ಎಂದಳು ಕಡೆಗೆ. "ಈಗಿಂದನ ಮ್ಯಾಲೆ ಸುಣ್ಣ ಹೊಡೀಬೇಕು. ನಾ ಬಂದು ಹೊಡೀತೇನಿ."

ಶಂಕರಲಿಂಗ ಅವಳ ಬೆರಳುಗಳನ್ನು ನೋಡಿದ. ಬ್ಯಾಡ ಎನ್ನಲು ಬಾಯಿ ತೆರೆದು, ನುಂಗಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ.

"ನಾನೂ... ಕೈ ಹಚ್ಚಲೇನು?"

ಶಿವಕಾಂತಾಳ ಕಣ್ಣು ತುಂಬಿ ಬಂತು.

"ಹಿಂಗ ಕೇಳ್ರಿ ನನ್ನ," ಎಂದಳು. "ಹಚ್ಚರಿ."